ಹದಿನೈದು ಕುದುರೆಯ ಸೋದರಮಾವ

ಸುಬ್ಬಯ್ಯನ್ ಕೊಂಡ ಕಾರು ನನ್ನ ವರ್ಕ್‌ಶಾಪಿಗೆ ಲಾರಿಯ ಮೇಲೆ ಕುಳಿತು ಬಂತು. ಊಟಿ ಕಡೆಯ ಟೀ ಎಸ್ಟೇಟೊಂದರ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಟಾರ್ಪಾಲು ಹೊದ್ದು ಮಲಗಿದ್ದ ಇಂಗ್ಲಿಷ್ ಕಾರು ಅದು. ಎರಡೇ ಬಾಗಿಲು, ಹನ್ನೆರಡು ಸಿಲಿಂಡರು, ಮೂತಿಯೇ ಒಂದು ಮಾರು ಉದ್ದ. ಒಂದು ಕಾಲಕ್ಕೆ ಅದನ್ನು ಸ್ಪೋರ್ಟ್ಸ್ ಕಾರು ಎನ್ನುತ್ತಿದ್ದರಂತೆ. ಇರುಗೂರಿನ ವೇಬ್ರಿಡ್ಜಿನಲ್ಲಿ ಹತ್ತಿ ಮೂಟೆಯ ಲಾರಿಗಳ ನಡುವೆ ಅದನ್ನು ನಿಲ್ಲಿಸಿ ತೂಗಿಸಿದೆ. ಸಾವಿರದ ಎಂಟುನೂರ ಹತ್ತು ಕಿಲೊ. ಚೀಟಿ ಬರೆಯುತ್ತಿದ್ದವನು ತಲೆ ಎತ್ತದೆ, ಒಳಗೆ ಲೋಡು ಏನು ಎಂದು ಕೇಳಿದ.

ಸುಬ್ಬಯ್ಯನ್ ನನಗೆ ಪಂಗಾಳಿ. ಎಂದರೆ ದಾಯಾದಿ, ಒಂದೇ ಕುಲ, ಒಂದೇ ಮನೆದೇವರು, ಮನೆಯಲ್ಲಿ ಒಂದೇ ತಮಿಳು ಬೆರೆತ ಕನ್ನಡ. ಅವನ ಅಜ್ಜನೂ ನನ್ನ ಅಜ್ಜನೂ ಒಂದೇ ಸೂರಿನ ಕೆಳಗೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದವರು. ಈಗ ಅವನು ತಿರುಪ್ಪೂರಿನಲ್ಲಿ ಬನಿಯನ್ ಎಕ್ಸ್‌ಪೋರ್ಟರು. ನಾನು ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಮೂವತ್ತು ವರ್ಷದಿಂದ ಹಳೆಯ ಕಾರುಗಳ ಹೊಟ್ಟೆಯ ಕೆಳಗೆ ಮಲಗಿ ಬದುಕುವವನು. ನನ್ನ ಹೆಸರು ಲೋಗನಾಥನ್. ವಯಸ್ಸಿನಲ್ಲಿ ಅವನಿಗಿಂತ ದೊಡ್ಡವನಾದ್ದರಿಂದ ಅಣ್ಣ ಎನ್ನುತ್ತಾನೆ. ಆ ಮರ್ಯಾದೆಯ ಹೊರತು ಅವನಿಂದ ನಾನು ಬೇರೆ ಮರ್ಯಾದೆ ಕಂಡವನಲ್ಲ.

"ಲೋಗಣ್ಣ, ಇದನ್ನ ಕಾಡಿನ ಉಲಿ ಮಾಡ್ಬುಡು," ಎಂದ ಕಾರಿನ ಮೂತಿ ಸವರುತ್ತಾ.

"ಮೊದ್ಲು ಇದು ಎದ್ದು ನಿಲ್ಲತ್ತಾ ನೋಡಾಣ ತಂಬಿ," ಎಂದೆ.

ಭಾರದ ಕಾರಿನ ವಿಷಯದಲ್ಲಿ ನನ್ನದೊಂದು ಕ್ರಮವಿದೆ. ಅದಕ್ಕೆ ಮೊದಲು ನಿಲ್ಲಲು ಕಲಿಸಬೇಕು, ಆಮೇಲೆ ತಿರುಗಲು, ಓಡಲು ಕಲಿಸುವುದು ಕೊನೆಗೆ. ಸುಬ್ಬಯ್ಯನ ಕ್ರಮ ಬೇರೆ. ಅವನಿಗೆ ಓಡಲು ಕಲಿಸಬೇಕು, ಓಡುವುದರ ಫೋಟೋ ತೆಗೆಯಬೇಕು, ಅದನ್ನು ಹಳೆ ಕಾರುಗಳ ವಾಟ್ಸಾಪ್ ಗುಂಪಿಗೆ ಹಾಕಬೇಕು. ಆ ಗುಂಪಿನಲ್ಲಿ ನೂರ ನಲವತ್ತು ಜನರಿದ್ದರು. ಅವರಲ್ಲಿ ಸ್ಪ್ಯಾನರ್ ಹಿಡಿದವರು ಇಬ್ಬರಿದ್ದರೆ ಹೆಚ್ಚು.

ಮೊದಲ ಜಗಳ ರಬ್ಬರ್ ಬುಷ್‌ಗಳ ಮೇಲೆ ಆಯಿತು. ಕಾರಿನ ಚಕ್ರದ ತೋಳುಗಳು ಬಾಡಿಗೆ ಸೇರುವ ಕಡೆಯಲ್ಲೆಲ್ಲ ರಬ್ಬರಿನ ಸಣ್ಣ ಬಳೆಗಳಿರುತ್ತವೆ. ಅವು ಐವತ್ತು ವರ್ಷದಲ್ಲಿ ಒಣಗಿ ಪುಡಿಯಾಗಿದ್ದವು. ಹಾಗಾಗಿ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಕಾರು ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಮನಸ್ಸಿದ್ದರೆ ಎಡಕ್ಕೆ ಹೋಗುತ್ತಿತ್ತು. ಎಲ್ಲ ಬುಷ್ ಬದಲಿಸಬೇಕು ಎಂದೆ.

"ಆಕಿದ್ರೆ ಒರಗೆ ಕಾಣ್ತದಾ?"

"ಕಾಣಲ್ಲ. ಅಡಿಯಾಗೆ ಇರ್ತದೆ."

"ಅಂಗಂದ್ರೆ ಯಾರ್ಗೆ ಗೊತ್ತಾಗ್ತದೆ?"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವನಿಗೆ ಬೇಕಾಗಿದ್ದದ್ದು ಕೊಳವೆಯಂಥ ಸೈಲೆನ್ಸರು, ಬಾನೆಟ್ಟಿನ ಮೇಲೆ ಗಾಳಿ ಒಳಹೋಗುವ ಗೂಡು, ಸೀಟಿನ ಹಿಂದೆ ಮೂವತ್ತು ಕಿಲೊದ ಸ್ಪೀಕರ್ ಪೆಟ್ಟಿಗೆ. ಸೈಲೆನ್ಸರು ಹಾಕಿಕೊಟ್ಟೆ. ಅವನಿಲ್ಲದಾಗ ಬುಷ್‌ಗಳನ್ನೂ ಬದಲಿಸಿದೆ. ಏಳು ತಿಂಗಳು ಹಿಡಿಯಿತು. ಹೊಸ ಶಾಕ್ ಅಬ್ಸಾರ್ಬರು, ತಿರುವಿನಲ್ಲಿ ವಾಲದಂತೆ ಹಿಡಿಯಲು ಮುಂದೆ ದಪ್ಪನೆಯ ಆಂಟಿ ರೋಲ್ ಬಾರು, ದೊಡ್ಡ ಬ್ರೇಕು, ಅಗಲದ ಟೈರು. ಮುಂಭಾರ ಇಳಿಯಲಿ ಎಂದು ಬ್ಯಾಟರಿಯನ್ನು ಹಿಂದಿನ ಡಿಕ್ಕಿಗೆ ಸಾಗಿಸಿದೆ. ಹಿಂದಿನ ಸೀಟು, ಸತ್ತುಹೋಗಿದ್ದ ಎಸಿ, ಸದ್ದು ತಡೆಯಲು ಅಂಟಿಸಿದ್ದ ಡಾಂಬರಿನ ಹಾಸು ಎಲ್ಲ ಕಿತ್ತೆ. ಹೀಗೆ ನೂರ ಅರವತ್ತು ಕಿಲೊ ಇಳಿಸಿದೆ. ಆ ಇಳಿಸಿದ ಜಾಗದಲ್ಲಿ ನೂರ ಎಂಟು ಕಿಲೊದ ಸುಬ್ಬಯ್ಯನ್ ತನ್ನ ಸ್ಪೀಕರ್ ಪೆಟ್ಟಿಗೆಯ ಸಮೇತ ಬಂದು ಕುಳಿತ.

ಚೆಟ್ಟಿಪಾಳಯದ ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಬಾಡಿಗೆಗೆ ಸಿಕ್ಕಿತು. ಮೊದಲು ನಾನು ಓಡಿಸಿದೆ. ನಾಲ್ಕನೆಯ ತಿರುವಿನಲ್ಲಿ ಆ ಕಾರು ವಾಲದೆ, ಮುಲುಕದೆ, ನಾನು ಕೈ ತೋರಿಸಿದ ಕಡೆಗೆ ಮೂತಿ ತಿರುಗಿಸಿತು. ಅಷ್ಟು ದೊಡ್ಡ ದೇಹ, ಅಷ್ಟು ವಿಧೇಯತೆ. ಸುಳ್ಳು ಹೇಳುವುದಿಲ್ಲ, ಬೇಕೆಂದೇ ಇನ್ನೊಂದು ಸುತ್ತು ಹಾಕಿದೆ. ಮೂವತ್ತು ವರ್ಷದಲ್ಲಿ ಇಷ್ಟು ಚೆಂದದ ಕೆಲಸ ನನ್ನ ಕೈಯಿಂದ ಆಗಿರಲಿಲ್ಲ.

ಆಮೇಲೆ ಸುಬ್ಬಯ್ಯನ್ ಓಡಿಸಿದ. ಇಂಜಿನಿಯರಿಂಗ್ ಕಾಲೇಜಿನ ಹುಡುಗಿಯರು ಪೈಪು ಬೆಸೆದು ತಾವೇ ಮಾಡಿಕೊಂಡು ಬಂದಿದ್ದ ಪುಟ್ಟ ಗಾಡಿಯೊಂದು ಅವನನ್ನು ಮೂರು ಸುತ್ತಿನಲ್ಲಿ ಎರಡು ಸಲ ದಾಟಿತು. ಇಳಿದು ಬಂದವನು ಹೆಲ್ಮೆಟ್ ತೆಗೆದು, "ಪವರ್ ಸಾಲಲ್ಲ ಲೋಗಣ್ಣ," ಎಂದ. ತಿರುವಿಗೆ ಐವತ್ತು ಗಜ ಮೊದಲೇ ಬ್ರೇಕು ತುಳಿಯುವವನಿಗೆ ಪವರ್ ಸಾಲದು. ಕುಣಿಯಲಾರದವಳಿಗೆ ನೆಲ ಡೊಂಕು.

ಅದಾದ ವಾರದಲ್ಲೇ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಜ್ಞಾನ ಹಂಚಿದ. ಇಂಜಿನ್ನಿನ ಮುಂದಿರುವ ದೊಡ್ಡ ಫ್ಯಾನು ರೇಡಿಯೇಟರಿಗೆ ಗಾಳಿ ಎಳೆಯುತ್ತದಲ್ಲ, ಅದನ್ನು ತಿರುಗಿಸಲು ಇಂಜಿನ್ನಿನ ಶಕ್ತಿ ಪೋಲಾಗುತ್ತದೆ. ಬಿಚ್ಚಿ ಎಸೆದರೆ ಹದಿನೈದು ಹಾರ್ಸ್ ಪವರ್ ಪುಕ್ಕಟೆ ಸಿಗುತ್ತದೆ. ಮಾತು ಪೂರಾ ಸುಳ್ಳಲ್ಲ. ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನು ಬೇಡ. ಆದರೆ ಗಾಡಿ ಟ್ರಾಫಿಕ್ಕಿನಲ್ಲಿ ನಿಂತರೆ ಎದುರುಗಾಳಿ ಎಲ್ಲಿಂದ ಬರಬೇಕು? ಪಂಪ್‌ಸೆಟ್ಟಿನ ಊರು ನಮ್ಮದು. ಹದಿನೈದು ಎಚ್‌ಪಿ ಎಂದರೆ ಎರಡು ತೋಟಕ್ಕೆ ನೀರು ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಸುಬ್ಬಯ್ಯನಿಗೆ ಆ ಸಂಖ್ಯೆ ತಲೆಗೇರಿತು.

"ಬಿಚ್ಚು," ಎಂದ.

"ಬಿಚ್ತೀನಿ. ಬದ್ಲಿಗೆ ಕರೆಂಟ್ ಫ್ಯಾನ್ ಒಂದು ಆಕಾಣ. ನಿಂತಾಗ ಮಾತ್ರ ಸುತ್ತತದೆ. ನಮ್ ಶೆಡ್ನಾಗೇ ಒಂದು ಚಿಕ್ಕ ಕಾರಿಂದು ಇದೆ, ಅಳತೆ ಸರಿಯಾಗಿ ಕುಂತ್ಕತದೆ."

ಅವನು ಆ ಫ್ಯಾನನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದ, ಸತ್ತ ಇಲಿಯನ್ನು ಹಿಡಿದ ಹಾಗೆ. "ಎಂಟ್ನೂರು ಸಿಸಿ ಡಬ್ಬಾದ ಫ್ಯಾನು ನನ್ ವಂಡಿಗಾ? ಬಾನೆಟ್ ತೆಗ್ದಾಗ ನಾಕು ಜನ ನೋಡ್ತಾರೆ ಅಣ್ಣ. ನಿಂಗೆ ಗುಜರಿ ಬುದ್ಧಿ ಓಗ್ಲೇ ಇಲ್ಲೆ."

ನನ್ನ ವರ್ಕ್‌ಶಾಪಿನಲ್ಲಿ, ನನ್ನ ಕೆಲಸಗಾರರ ಎದುರಿಗೆ ಹೇಳಿದ ಮಾತು. ನಾನು ಸ್ಪ್ಯಾನರ್ ಹಿಡಿದು ಫ್ಯಾನು ಬಿಚ್ಚಿದೆ. ನಿಂತರೆ ಕುದಿಯುತ್ತದೆ ಎಂದು ಒಂದು ಸಲ ಹೇಳಿದೆ. ಅವನು ಫೋನು ನೋಡುತ್ತಿದ್ದ. ಎರಡನೆಯ ಸಲ ಹೇಳಲು ನನ್ನ ನಾಲಿಗೆಗೆ ಮನಸ್ಸು ಬರಲಿಲ್ಲ.

ಮರುದಿನ, ಗುರುವಾರ, ಅವನ ತಂಗಿ ವಿಜಯಕುಮಾರಿ ಫೋನು ಮಾಡಿದಳು. ಅವಳನ್ನು ಕೊಟ್ಟಿರುವುದು ಧಾರಾಪುರಂಗೆ. ಮದುವೆಯಾದ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗಳು ನಿತ್ಯಾ. ಆ ಮಗುವಿಗೆ ಮೂರು ತುಂಬಿ, ಭಾನುವಾರ ಕಿವಿ ಚುಚ್ಚುವ ಶಾಸ್ತ್ರ ಇಟ್ಟಿದ್ದರು. ನಮ್ಮ ಕಡೆ ಅದು ಸೋದರಮಾವನ ದಿನ. ಸೀರು ಎಂದು ಕರೆಯುವ ಉಡುಗೊರೆಯ ತಟ್ಟೆಗಳನ್ನು ಮೇಳದ ಹಿಂದೆ ಹೊರಿಸಿಕೊಂಡು ಅವನು ಬರಬೇಕು, ಮಗು ಅವನ ತೊಡೆಯ ಮೇಲೆ ಕುಳಿತುಕೊಳ್ಳಬೇಕು, ಅವನು ಕೈಯಾರೆ ಕೊಟ್ಟ ಚಿನ್ನದ ಓಲೆಯನ್ನೇ ಅಕ್ಕಸಾಲಿಗ ಚುಚ್ಚಬೇಕು. ಮಾವ ಬರದಿದ್ದರೆ ತವರಿನಲ್ಲಿ ಅವಳಿಗೆ ಯಾರೂ ಇಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ.

"ಲೋಗಣ್ಣ, ಮನೆ ಗೃಹಪ್ರವೇಶಕ್ಕೂ ಅಣ್ಣ ಬರ್ಲಿಲ್ಲೆ, ಸೀಮಂತಕ್ಕೂ ಬರ್ಲಿಲ್ಲೆ. ಎರಡು ಸಲನೂ ಏನೋ ಶಿಪ್‌ಮೆಂಟು. ನಮ್ಮತ್ತೆ ಇವತ್ತಿಗೂ ಆಡ್ಕಂತಾರೆ. ಈ ಸಲ ಆ ಕಾರ್ನಾಗೇ ಬತ್ತೀನಿ ಅಂತ ಕುಂತವ್ನೆ. ಎಂಗಾದ್ರೂ ಲಗ್ನದ ಒತ್ತಿಗೆ ಸರಿಯಾಗಿ ಕಳ್ಸು ಅಣ್ಣ. ನಂಗೆ ನಿನ್ ಬಿಟ್ರೆ ಯೋಳೋಕೆ ಬೇರೆ ಯಾರವ್ರೆ?"

"ನೀನು ಕವಲೆ ಬಿಡಮ್ಮ, ಯೋಚ್ನೆ ಮಾಡ್ಬೇಡ. ಕಳ್ಸ್ತೀನಿ," ಎಂದೆ. ಬಿಚ್ಚಿದ ಫ್ಯಾನು ಆಗ ನನ್ನ ಕಾಲ ಬಳಿಯೇ ಬಿದ್ದಿತ್ತು.

ಭಾನುವಾರ ಬೆಳಗಿನ ಆರಕ್ಕೇ ಹೊರಡು ಎಂದು ಸುಬ್ಬಯ್ಯನಿಗೆ ಹೇಳಿದ್ದೆ. ಆ ಹೊತ್ತಿಗೆ ರಸ್ತೆ ಖಾಲಿ, ಗಾಳಿಯೂ ತಂಪು. ಫ್ಯಾನಿಲ್ಲದೆಯೂ ಕಾರು ತಲುಪುತ್ತಿತ್ತು. ಯಾಕೆ ಆರಕ್ಕೇ ಎಂದು ಅವನು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಆರಕ್ಕೇನೋ ಬಂದ. ಬಂದವನು ಗೋಡೆಯ ದಿನದರ್ಶಿಯ ಹಾಳೆ ನೋಡಿ, ನಲ್ಲ ನೇರ, ಎಂದರೆ ಒಳ್ಳೆಯ ಹೊತ್ತು, ಏಳೂ ಮುಕ್ಕಾಲಿಗೆ ಶುರು ಎಂದ. ರೇಷ್ಮೆ ಅಂಗಿ ತೊಟ್ಟು ವರ್ಕ್‌ಶಾಪಿನ ಮುಂದೆ ಕುರ್ಚಿ ಹಾಕಿಕೊಂಡು ಒಳ್ಳೆಯ ಗಳಿಗೆಗಾಗಿ ಕಾದ. ಇನ್ನೂರು ಕಿಲೋಮೀಟರ್ ವೇಗದ ಕಾರು ಪಂಚಾಂಗದ ಅಪ್ಪಣೆಗಾಗಿ ಒಂದೂ ಮುಕ್ಕಾಲು ಗಂಟೆ ನಿಂತಿತ್ತು.

ಸೀರಿನ ತಟ್ಟೆಗಳೊಂದಿಗೆ ಅವನ ಹೆಂಡತಿ ಗೋಕಿಲಾ ತಿರುಪ್ಪೂರಿನಿಂದ ವ್ಯಾನಿನಲ್ಲಿ ನೇರವಾಗಿ ಹೋಗಿದ್ದಳು. ಓಲೆಯ ಡಬ್ಬಿ ಮಾತ್ರ ಸುಬ್ಬಯ್ಯನ ಜೇಬಿನಲ್ಲಿ. "ನೀನೂ ಕಾರ್ನಾಗೇ ಬಾ ಅಣ್ಣ," ಎಂದು ಬಾಯಿಮಾತಿಗೆ ಕರೆದ. ಪಕ್ಕದ ಸೀಟಿನಲ್ಲಿ ಅಷ್ಟರಲ್ಲೇ ವಿಡಿಯೋ ತೆಗೆಯುವವನು ಕ್ಯಾಮೆರಾ ಹಿಡಿದು ಕುಳಿತಿದ್ದ. ಏಳೂ ಮುಕ್ಕಾಲಿಗೆ ಸರಿಯಾಗಿ ಕಾರು ಗುಡುಗಿತು, ಬೀದಿಯ ನಾಯಿಗಳೆಲ್ಲ ಎದ್ದವು, ಮಾವ ಹೊರಟ. ನಾನು ಸಿಂಗಾನಲ್ಲೂರು ಬಸ್‌ ಸ್ಟ್ಯಾಂಡಿಗೆ ನಡೆದು ಧಾರಾಪುರಂ ಬಸ್ಸು ಹತ್ತಿದೆ.

ಪಲ್ಲಡಂ ಸರ್ಕಲಿಗೆ ಬಂದಾಗ ಒಂಬತ್ತಾಗಿತ್ತು. ಅಂದು ಒಳ್ಳೆಯ ಮುಹೂರ್ತದ ದಿನವಾದ್ದರಿಂದ ಊರಲ್ಲೆಲ್ಲ ಮದುವೆ, ರಸ್ತೆ ತುಂಬ ವ್ಯಾನುಗಳು, ಅವುಗಳ ನಡುವೆ ಕೋಳಿಯ ಲಾರಿಗಳು. ಬಸ್ಸು ಆಮೆಯಂತೆ ತೆವಳುತ್ತಿತ್ತು. ಬಲಗಡೆ ಬೇಕರಿಯ ಮುಂದೆ ಜನ ಸೇರಿದ್ದರು. ಜನರ ನಡುವಿನಿಂದ ಬಿಳಿಯ ಆವಿ ಏಳುತ್ತಿತ್ತು.

ಕಾರಿನ ಬಾನೆಟ್ಟು ಬಾಯಿ ತೆರೆದು ನಿಂತಿತ್ತು. ನಾಲ್ಕು ಜನ ನೋಡಬೇಕೆಂದು ಅವನು ಬಯಸಿದ್ದ; ನಲವತ್ತು ಜನ ನೋಡುತ್ತಿದ್ದರು. ಸುಬ್ಬಯ್ಯನ್ ರೇಷ್ಮೆ ಅಂಗಿಯ ತೋಳು ಮಡಚಿ ನೀರಿನ ಬಾಟಲಿ ಹಿಡಿದಿದ್ದ. ಕ್ಯಾಮೆರಾದವನು ಎಲ್ಲವನ್ನೂ ನಿಷ್ಠೆಯಿಂದ ತೆಗೆಯುತ್ತಿದ್ದ. ನನಗೆ ಮೊದಲು ಬಂದದ್ದು ನಗು. ಅದನ್ನು ಮುಚ್ಚಿಡುವುದಿಲ್ಲ. ಏಳು ತಿಂಗಳ ಸಿಟ್ಟು ಆ ಆವಿಯ ಜೊತೆ ಹಗುರಾಗಿ ಮೇಲೆ ಹೋಯಿತು.

ಕಂಡಕ್ಟರನಿಗೆ ಎರಡು ನಿಮಿಷ ಎಂದು ಹೇಳಿ ಇಳಿದೆ.

"ಬಂದ್ಯಾ? ನೋಡು ಅಣ್ಣ, ಸೀಕ್ರ ನೋಡು!" ಎಂದ.

"ಏನು ನೋಡೋದು? ಒಂದು ಗಂಟೆ ಆರ್ಬೇಕು. ಈಗ ನೀರು ಉಯ್ದ್ರೆ ಇಂಜಿನ್ ಬಿರುಕು ಬಿಡ್ತದೆ. ಬಸ್ಸು ಏರು ತಂಬಿ, ಅತ್ತು ಗಂಟೆಗೆ ಓಗಿ ಸೇರ್ಕತೀವಿ."

"ಬಸ್ಸಾ?" ಎಂದವನು ಬಸ್ಸನ್ನು ನೋಡಿದ, ಅದರ ಕಿಟಕಿಗಳಿಂದ ತೂಗುತ್ತಿದ್ದ ತಲೆಗಳನ್ನು ನೋಡಿದ. "ಮಂಡಪದ ಬಾಗ್ಲಾಗೆ ಮೇಳದವ್ರು ನಿಂತವ್ರೆ. ಕಾರು ಬತ್ತದೆ ಅಂತ ಎಲ್ರುಗೂ ಯೋಳಿದೀನಿ. ನಾನು ಬಸ್ಸಿಳಿದು ಓಗ್ಲಾ?"

"ತಂಗಿ ಕಾಯ್ತವ್ಳೆ ಕಣೋ."

"ಅರ್ಧ ಗಂಟೆ. ಆರಿದ್ರೆ ಪಲ್ಲಡಂ ದಾಟಿದ್ಮೇಲೆ ನೂರ ಐವತ್ರಲ್ಲಿ ಅಟ್ಟಿಬಿಡ್ತೀನಿ."

"ಅಂಗಾದ್ರೆ ಓಲೆನಾದ್ರೂ ಕೊಡು, ನಾನು ತಕಂಡೋಗ್ತೀನಿ."

ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡ. "ಅದು ಮಾವನ ಕೈಯಿಂದಾನೇ ಓಗ್ಬೇಕು," ಎಂದ. ಕಂಡಕ್ಟರು ಸೀಟಿ ಊದಿದ. ನಾನು ಅವನ ರಟ್ಟೆ ಹಿಡಿದು ಎಳೆಯಬಹುದಿತ್ತು. ಅವನ ಕಾಲಿಗೆ ಬಿದ್ದಾದರೂ ಬಸ್ಸು ಹತ್ತಿಸಬಹುದಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ನಾನೊಬ್ಬನೇ ಹೋಗಿ ಕಿಟಕಿಯ ಪಕ್ಕ ಕುಳಿತೆ.

ಧಾರಾಪುರದ ಮಂಟಪದ ಬಾಗಿಲಲ್ಲಿ ಮೇಳದವರು ಡೋಲು ಬಿಗಿದುಕೊಂಡು ನಿಂತೇ ಇದ್ದರು. ಗೋಕಿಲಾ ಇಪ್ಪತ್ತೊಂದು ತಟ್ಟೆಗಳನ್ನು ಸಾಲಾಗಿ ಇಡಿಸಿ, ಫೋನಿನಲ್ಲಿ ಗಂಡನನ್ನು ಬೈಯುತ್ತಿದ್ದಳು. ಹತ್ತರಿಂದ ಹನ್ನೊಂದರವರೆಗೆ ಲಗ್ನ. ಹತ್ತೂ ಕಾಲಾಯಿತು, ಹತ್ತೂವರೆಯಾಯಿತು. ವಿಜಯಕುಮಾರಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೂ ವೇದಿಕೆಗೂ ಓಡಾಡುತ್ತಿದ್ದಳು. ಪ್ರತಿ ಸಲ ನನ್ನ ಮುಖ ನೋಡುವಳು, ನಾನು ಪ್ರತಿ ಸಲ ರಸ್ತೆ ನೋಡುವೆನು.

ಅವಳ ಅತ್ತೆ ಸುಬ್ಬಾತಾಳ್ ಮುಂದಿನ ಸಾಲಿನ ಕುರ್ಚಿಯಿಂದ ಎಲ್ಲರಿಗೂ ಕೇಳುವ ಹಾಗೆ ಕೇಳಿದರು: "ತಾಯ್‌ಮಾಮ ಬತ್ತಾರಾ, ಇಲ್ಲಾಂದ್ರೆ ಅವ್ರ ಕಾರಿನ ಫೋಟೋನ ತೊಡೆ ಮಾಡಿ ಕುಂದ್ರಿಸ್ಬೇಕಾ ಮಗುನ?"

ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ವಿಜಯಕುಮಾರಿ ತಲೆ ಬಗ್ಗಿಸಲಿಲ್ಲ, ಆದರೆ ಅವಳ ಕಿವಿಯವರೆಗೂ ರಕ್ತ ಏರಿದ್ದು ನನಗೆ ಕಂಡಿತು. ಹತ್ತೂ ಮುಕ್ಕಾಲಿಗೆ ಅಕ್ಕಸಾಲಿಗ ದಂಡಪಾಣಿ ಲಗ್ನ ಮುಗಿಯುತ್ತಿದೆ ಎಂದು ಸೂಜಿ ತೆಗೆದ. ಸುಬ್ಬಾತಾಳ್ ಮಂಟಪವನ್ನೆಲ್ಲ ಒಮ್ಮೆ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು.

"ಆ ಲೋಗನಾಥನೂ ಅದೇ ಕುಲ ತಾನೆ? ಬಂದು ಕುಂತ್ಕಳ್ಳಿ. ಬಸ್ಸಲ್ಲಿ ಬಂದ್ರೂ ನೇರಕ್ಕೆ ಬಂದವ್ರೆ."

ಹೀಗೆ ನಾನು ಮಾವನಾದೆ. ಗ್ರೀಸಿನ ಕರೆ ಹೋಗದ ಉಗುರುಗಳನ್ನು ಪಂಚೆಯ ಅಂಚಿನಲ್ಲಿ ಮುಚ್ಚಿಕೊಂಡು ಮಣೆಯ ಮೇಲೆ ಕುಳಿತೆ. ನಿತ್ಯಾ ನನ್ನ ತೊಡೆಯ ಮೇಲೆ ಬಂದಳು. ಓಲೆ ಎಲ್ಲಿ ಎಂದು ದಂಡಪಾಣಿ ಕೇಳಿದ. ವಿಜಯಕುಮಾರಿ ತನ್ನ ಕಿವಿಗೆ ಕೈ ಹಾಕಿ, ಕೆಂಪು ಕಲ್ಲಿನ ಪುಟ್ಟ ಓಲೆಗಳನ್ನು ಬಿಚ್ಚಿ ಅವನ ಅಂಗೈಗೆ ಹಾಕಿದಳು. ಅವಳ ಮೂರನೆಯ ವಯಸ್ಸಿನಲ್ಲಿ ಅವಳ ಸೋದರಮಾವ ಹಾಕಿದ ಓಲೆ ಅವು. ಆಮೇಲೆ ನೆಂಟರೆಲ್ಲರ ಎದುರಿಗೆ ಬೋಳು ಕಿವಿಯಲ್ಲಿ ನಿಂತುಕೊಂಡಳು.

ಮಗು ಚೀರಿತು. ನನ್ನ ಅಂಗಿ ಹಿಡಿದುಕೊಂಡು ಅತ್ತಿತು, ಬಾಳೆಹಣ್ಣು ತಿಂದು ಸುಮ್ಮನಾಯಿತು, ಬಿಡಿಸಹೋದವರ ಕೈ ತಳ್ಳಿ ನನ್ನ ತೊಡೆಯ ಮೇಲೆಯೇ ನಿದ್ದೆ ಹೋಯಿತು. ಹೆಂಗಸರು "ಮಾಮನ್ನ ಬಿಡಲ್ಲ ನೋಡು" ಎಂದು ನಕ್ಕರು. ನನಗೆ ಮಕ್ಕಳಿಲ್ಲ. ಆ ಒಂದು ಗಂಟೆ ನಾನು ಎಷ್ಟು ಬೀಗಿದೆ ಎಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ.

ಹನ್ನೆರಡಕ್ಕೆ ಕಾರು ಬಂತು. ಗುಡುಗುತ್ತಲೇ ಬಂತು, ಅದರಲ್ಲಿ ಕೊರತೆಯಿಲ್ಲ. ಮೇಳದವರು ಊಟಕ್ಕೆ ಕುಳಿತಿದ್ದರು. ಒಬ್ಬ ಮಾತ್ರ ಎಡಗೈಯಲ್ಲಿ ಡೋಲಿಗೆ ಎರಡು ಪೆಟ್ಟು ಹಾಕಿ ಮತ್ತೆ ಸಾಂಬಾರಿಗೆ ಮರಳಿದ. ಸುಬ್ಬಯ್ಯನ್ ಬೆವರು ಹತ್ತಿದ ರೇಷ್ಮೆಯಲ್ಲಿ ಒಳಗೆ ಬಂದು ತಂಗಿಯ ಮುಂದೆ ಡಬ್ಬಿ ಹಿಡಿದ.

ಅವಳು ಅದನ್ನು ತೆರೆದೂ ನೋಡಲಿಲ್ಲ. "ಕಿವಿ ಚುಚ್ಚಾಯ್ತು ಅಣ್ಣ. ಇದನ್ನ ತಕಂಡೋಗಿ ನಿನ್ ಕಾರಿಗೆ ಆಕು," ಎಂದಳು.

ಅವನು ಸುತ್ತ ನೋಡಿದ. ಅವನ ಕಣ್ಣು ನನ್ನ ತೊಡೆಗೂ ಅದರ ಮೇಲೆ ಮಲಗಿದ್ದ ಮಗುವಿಗೂ ಬಂದು ನಿಂತಿತು. "ಇವನೇ! ಈ ಲೋಗಣ್ಣನೇ ಫ್ಯಾನು ಬಿಚ್ಚಿ ನನ್ ಮಾನ ಕಳ್ದೋನು! ಈಗ ನನ್ ಜಾಗದಾಗೆ ಕುಂತವ್ನೆ!"

"ಬಿಚ್ಚು ಅಂದೋರು ಯಾರು? ಅದಿನೈದು ಎಚ್‌ಪಿ ನಂಗಾ ಬೇಕಿತ್ತು?" ಎಂದೆ. "ಈಗ ಎಲ್ಲಿ ಆ ಅದಿನೈದು ಕುದ್ರೆ? ಪಲ್ಲಡಂನಲ್ಲಿ ಉಲ್ಲು ಮೇಯ್ತಾ ಅವಾ?"

ಊಟದ ಸಾಲಿನವರೆಲ್ಲ ನಕ್ಕರು. ಸುಬ್ಬಾತಾಳ್ ಕೂಡ ನಕ್ಕರು. ವಿಜಯಕುಮಾರಿಯೂ ನಗಲಿ ಎಂದು ನಾನು ಅವಳ ಕಡೆ ತಿರುಗಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಲೋಗಣ್ಣ, ಆ ಫ್ಯಾನಿಲ್ದೆ ವಂಡಿ ಪಲ್ಲಡಂ ದಾಟಲ್ಲ ಅಂತ ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಲು ಬಾಯಿ ತೆರೆದೆ. ತೊಡೆಯ ಮೇಲೆ ಮಗು ಉಸಿರಾಡುತ್ತಿತ್ತು.

"ಗೊತ್ತಿತ್ತಮ್ಮ."

"ಗುರುವಾರ ನಾನು ಫೋನ್ ಮಾಡಿ ಕೇಳ್ಕಂಡಾಗ?"

"ಆವಾಗ್ಲೂ."

ಅಣ್ಣನಿಗಾದರೆ ಅವಳ ಬಳಿ ಬೈಗುಳವಿತ್ತು. ನನಗೆ ಅದೂ ಸಿಗಲಿಲ್ಲ. ಬಗ್ಗಿ ಮಗುವಿನ ಕಂಕುಳಿಗೆ ಕೈ ಹಾಕಿದಳು. ನಿದ್ದೆಗಣ್ಣಿನಲ್ಲೇ ಮಗು ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿತು. ವಿಜಯಕುಮಾರಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಗಳನ್ನು ಎತ್ತಿಕೊಂಡು ಒಳಗೆ ಹೋದಳು.